ಉದ್ದನೆಯ ಬಾಲ ಎಲ್ಲಿದೆ?

ಆಯಸ್ಸೆಲ್ಲ ವೀಕ್ಷಣಾಲಯದಲ್ಲಿ ಸೂರ್ಯನ ಕಾಂತಕ್ಷೇತ್ರ ಅಳೆದ ಅಪ್ಪನಿಗೆ ಈಗ ಕಣ್ಣು ಪೂರ್ತಿ ಕೈಕೊಟ್ಟಿತ್ತು. ಹಾಗಂತ ಸುಮ್ಮನೆ ಕೂರುವ ಪೈಕಿಯೇ? ಪೂರ್ಣಗ್ರಹಣ ಹತ್ತಿರವಾದಾಗ ಹಳೆಯ ಸಹೋದ್ಯೋಗಿಯಿಂದ ಫೋನಿನಲ್ಲಿ ಹೊಸ ಅಳತೆಗಳನ್ನು ಓದಿಸಿಕೊಂಡ. ಮನೆಯಲ್ಲೇ ಬಟ್ಟೆ ಹೊಲಿಯುವ ಮಗಳ ಸೀಮೆಸುಣ್ಣ ತಡಕಿ ತೆಗೆದು, ಕರಿಬಟ್ಟೆಯ ಮೇಲೆ ಕೈಯಂದಾಜಿನಲ್ಲೇ ಸೂರ್ಯನನ್ನು ಬರೆದ. ಸುತ್ತ ಬೆಳಕಿನ ಎಳೆಗಳು, ಮೇಲೆ ಎಡಕ್ಕೆ ಒಂದು ಉದ್ದನೆಯ ಬಾಲ.

"ಅಯ್ಯೋ ಅಪ್ಪಾ, ಅದು ಗಿರಾಕಿ ಕೋಟಿನ ಬಟ್ಟೆ!"

"ಇರ್ಲಿ ಬಿಡೆ. ಇದು ಕರೋನಾ. ಮೂಗು ಮುಚ್ಕೋಬೇಡ, ಕಾಯಿಲೆ ಅಲ್ಲ. ಸೂರ್ಯನ ಸುತ್ತ ಇರೋ ಬಿಸಿ ಹೊಗೆ ಅಂದ್ಕೋ. ಮನಸ್ಸು ಬಂದ ಕಡೆ ಹೋಗೋಕಾಗಲ್ಲ ಅದಕ್ಕೆ, ಕಾಂತಕ್ಷೇತ್ರ ಎಳೆದ ದಾರೀಲೇ ಹೋಗ್ಬೇಕು. ದಾರಿ ಗೊತ್ತಿದ್ರೆ ಗ್ರಹಣದಲ್ಲಿ ಕಾಣೋ ಆಕಾರ ಮೊದಲೇ ಹೇಳ್ಬಹುದು." ಆಮೇಲೆ ದನಿ ಇಳಿಸಿದ. "ಕಣ್ಣಂತೂ ಹೋಯ್ತು. ತಲೆಯಾದ್ರೂ ಉಳಿದಿದ್ಯಾ ನೋಡ್ಬೇಕು."

ಬಟ್ಟೆ ಕಸಿಯಲು ಚಾಚಿದ ಕೈಯನ್ನು ಮಗಳು ಹಿಂದಕ್ಕೆ ತೆಗೆದಳು.

ಗ್ರಹಣದ ದಿನ ಇಬ್ಬರೂ ತಾರಸಿ ಹತ್ತಿದರು. ಸೂರ್ಯ ಪೂರ್ತಿ ಮುಚ್ಚಿದ್ದೇ ತಡ, ಅಕ್ಕಪಕ್ಕದ ತಾರಸಿಗಳೆಲ್ಲ ಹೋ ಎಂದವು. ಕಪ್ಪು ಬಿಲ್ಲೆಯ ಸುತ್ತ ಬೆಳ್ಳಿ ಬೆಳಕು. ಅಬ್ಬಾ, ಎಂಥ ಚೆಲುವು! ಆದರೆ ಉದ್ದನೆಯ ಬಾಲ ಇದ್ದದ್ದು ಕೆಳಗೆ, ಬಲಕ್ಕೆ. ಅಪ್ಪ ಬರೆದದ್ದಕ್ಕೆ ತದ್ವಿರುದ್ಧ.

"ಎಲ್ಲಿದೆ ಬಾಲ? ಹೇಳೇ!" ಅಪ್ಪ ಅವಳ ತೋಳು ಅಲುಗಿಸಿದ.

ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನೀನು ಬರೆದ ಹಾಗೇ ಅಪ್ಪಾ. ಮೇಲೆ, ಎಡಕ್ಕೆ."

ಅಪ್ಪ ಗೋಡೆ ತಡಕಿ ಕುಸಿದು ಕೂತ. "ಹಾಗಾದ್ರೆ ತಲೇನೂ ಹೋಯ್ತು."

"ಯಾಕಪ್ಪಾ?"

"ನಮ್ಮ ದೂರದರ್ಶಕದಲ್ಲಿ ಎಲ್ಲ ತಲೆಕೆಳಗು. ಮೇಲಿಂದು ಕೆಳಗೆ, ಎಡದ್ದು ಬಲಕ್ಕೆ. ಜನ್ಮವಿಡೀ ಹಾಗೇ ಬರೆದೋನು ನಾನು, ನಿಂಗೆ ಹೇಳೋದೇ ಮರೆತೆ. ಬರಿಗಣ್ಣಿಗೆ ಅದು ಕೆಳಗೆ, ಬಲಕ್ಕೆ ಕಾಣ್ಬೇಕಿತ್ತು."

"ಅಲ್ಲೇ ಇದೆ ಅಪ್ಪಾ! ನಾನು ಸುಳ್ಳು ಹೇಳ್ದೆ!"

ಅಪ್ಪ ಬಾಡಿದ ನಗೆ ನಕ್ಕ. "ಈಗ ಹೇಳ್ತಿರೋದೇ ಸುಳ್ಳಿರ್ಬಹುದು. ನಂಗೆ ನೋವಾಗ್ಬಾರ್ದು ಅಂತ."

ಅವಳು ಏನು ಹೇಳಿದರೂ ಅಪ್ಪ ಇನ್ನು ನಂಬುವಂತಿರಲಿಲ್ಲ. ಬೆಳಕು ಇನ್ನೂ ಮರಳಿರಲಿಲ್ಲ. ಅವಳು ತಾರಸಿಯ ಅಂಚಿಗೆ ಓಡಿ, ನಾಚಿಕೆಗೀಚಿಕೆ ಬದಿಗಿಟ್ಟು ಗಂಟಲು ಹರಿಯುವಂತೆ ಕೂಗಿದಳು: "ರೀ! ಆ ಉದ್ದನೆ ಬಾಲ ಎಲ್ಲಿದೆ ಹೇಳ್ರೀ!"

"ಕೆಳಗೆ!" ಎಂದರು ಎದುರು ಮನೆಯವರು. "ಬಲಕ್ಕೆ!" ಎಂದು ಹಿಂದಿನ ಬೀದಿಯಿಂದ ಯಾರೋ ಕೂಗಿದರು.

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಕುಲುಕುತ್ತಿದ್ದವು.

"ಇನ್ನೊಂದ್ಸಲ ಕೇಳೇ," ಎಂದ.