ಚೇತನನಿಗೆ ಕೊಡುವ ಕಿಡ್ನಿ

ಕಂಡಕ್ಟರ್ ಸೀಟಿ ಊದಿದ, ಜಾವಗಲ್ ದಾಟಿತು, ಇನ್ನು ಹಳೇಬೀಡು, ಆಮೇಲೆ ಬೇಲೂರು, ಸ್ವಲ್ಪ ಜೋರಾಗಿ ಓಡಿಸಬಾರದೇನಪ್ಪ ಡ್ರೈವರಣ್ಣ, ನನ್ನ ಬ್ಯಾಗಿನಲ್ಲಿ ಏನಿದೆ ಗೊತ್ತೇ ನಿನಗೆ — ಅರಸೀಕೆರೆಯ ಲ್ಯಾಬಿನ ರಿಪೋರ್ಟು, ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕಾಯಿಸಿ, ರಕ್ತ ತೆಗೆದರೂ ಸಕ್ಕರೆ ನೂರಾ ಹದಿನೆಂಟು, ನಾರ್ಮಲ್ಲು, ಬೋರಮ್ಮನ ಮೊಮ್ಮಗಳು, ಚನ್ನಪ್ಪನ ಮಗಳು, ಹೇಮಾಶ್ರೀ ಎಂಬ ನಾನು ನಾರ್ಮಲ್ಲು! ಬಸ್ಸಿನಲ್ಲೇ ಕೂಗಿಬಿಡಲೇ, ಮುಂದಿನ ಸೀಟಿನ ಅಜ್ಜಿ ಆಗಲೇ ತಿರುಗಿ ನೋಡುತ್ತಿದ್ದಾಳೆ, ನೋಡಲಿ, ಪಕ್ಕದಲ್ಲಿ ಮಗಳು ಬಿಂದುಶ್ರೀ, ಅಮ್ಮಾ ಒಬ್ಳೇ ನಗ್ಬೇಡ, ನಾಚ್ಕೆ ಆಗುತ್ತೆ. ಹೇಗೆ ನಗದಿರಲಿ, ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಜಮೀನಿನ ಹಾಗೆ ಪಾಲಾಗಿ ಬರುತ್ತದೆ — ಅಜ್ಜಿಗೆ ಕಣ್ಣು ಹೋಯಿತು, ಅಪ್ಪನಿಗೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಅಪ್ಪನೇ, ತಮ್ಮ ಚೇತನನಿಗೆ ಎರಡೂ ಕಿಡ್ನಿ, ಡಯಾಲಿಸಿಸ್ಸಿಗೆಂದು ಹಾಸನಕ್ಕೆ ಅಲೆದು ಅಲೆದು ಅರ್ಧವಾಗಿದ್ದಾನೆ — ಮುಂದಿನ ಪಾಲು ನನ್ನದೇ ಎಂದು ಎಲ್ಲರೂ ತೀರ್ಮಾನಿಸಿದ್ದರು, ಹೋಳಿಗೆ ಕಂಡರೆ ಬಿಡದವಳು, ಕೊಬ್ಬರಿ ಮಿಠಾಯಿ ಕದ್ದು ಸಿಕ್ಕಿಬಿದ್ದವಳು, ತಿನ್ನವ್ವ ತಿನ್ನು, ನಿಮ್ಮಪ್ಪನ್ ದಾರೀಲೇ ಹೋಗ್ತೀಯ, ಅಮ್ಮನದು ದಿನವೂ ಇದೇ ಮಂತ್ರ. ಹೋಗಲಿಲ್ಲ ಕಣಮ್ಮ! ನಿಮ್ಮ ಕಿಡ್ನಿ ತಮ್ಮನಿಗೆ ಹೊಂದುತ್ತದೆ, ಆದರೆ ನಿಮಗೆ ಸಕ್ಕರೆ ಇದ್ದರೆ ತೆಗೆಯುವಂತಿಲ್ಲ ಎಂದು ಹಾಸನದ ಡಾಕ್ಟರು ಹೇಳಿದ ದಿನದಿಂದ ಮಿಠಾಯಿ ಬಿಟ್ಟೆ, ಕೆರೆ ಏರಿಯ ಮೇಲೆ ನಡೆದೆ, ಚಪ್ಪಲಿ ಸವೆಯುವವರೆಗೂ ನಡೆದೆ.

ಇವತ್ತು ರಿಪೋರ್ಟು ನೋಡಿ ಅರಸೀಕೆರೆಯ ಡಾಕ್ಟರು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರು, ಕೊಬ್ಬರಿ ಗಾಳಿಗೆ ಬಿದ್ದು ಕಮಟು ಹಿಡಿಯುತ್ತಲ್ಲಮ್ಮ, ಹಾಗೇ ರಕ್ತದಲ್ಲಿ ಸಕ್ಕರೆ ಜಾಸ್ತಿಯಾದ್ರೆ ಜೀವಕೋಶಗಳೂ ಒಳಗೊಳಗೇ ಕೆಡ್ತವೆ, ಉತ್ಕರ್ಷಣದ ಒತ್ತಡ ಅಂತೀವಿ, ಜೊತೆಗೆ ಉರಿಯೂತ, ರಕ್ತನಾಳದಲ್ಲಿ ಸಣ್ಣಗೆ ಉರೀತಾನೇ ಇರುತ್ತೆ, ಅದನ್ನ ಇದು ಹೆಚ್ಚಿಸುತ್ತೆ, ಇದನ್ನ ಅದು, ನಿಮ್ಮ ವಂಶದೋರು ಹುಷಾರಾಗಿರ್ಬೇಕು — ಇದ್ದೆನಲ್ಲ ಸಾರ್, ಗೆದ್ದೆನಲ್ಲ! ಫೋನ್ ಮಾಡಿದರೆ ಚೇತನ, ನಿನ್ ಕಿಡ್ನಿ ಹಾಕಿಸ್ಕಂಡ್ರೆ ನಂಗೂ ಮಿಠಾಯಿ ಕದಿಯೋ ಬುದ್ಧಿ ಬತ್ತದೇನಕ್ಕ, ಲೋ ಮುಚ್ಚೋ ಬಾಯಿ, ಬಸ್ ಸ್ಟ್ಯಾಂಡಿಗೆ ಬಾ, ಬತ್ತೀನಿ ಕಣಕ್ಕ, ಇಬ್ಬರೂ ನಕ್ಕೆವು, ಇಬ್ಬರೂ ಅತ್ತೆವು. ನನಗೆ ಇಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಹಳೇಬೀಡು ಬಂತು, ಹೋಯಿತು, ಬಿಂದು ನನ್ನ ತೊಡೆಯ ಮೇಲೆ ಬೋರಲಾಗಿ ನಿದ್ದೆ ಹೋಗಿದ್ದಾಳೆ, ಜಡೆ ಪಕ್ಕಕ್ಕೆ ಸರಿದಿದೆ, ಕತ್ತಿನ ಹಿಂದೆ ಆ ಕರಿ ಪಟ್ಟಿ, ಕಡಲೆಹಿಟ್ಟು ಹಚ್ಚಿ ಎಷ್ಟು ತಿಕ್ಕಿದರೂ ಹೋಗದ ಕೊಳೆ, ಡಾಕ್ಟರೂ ನೋಡಿದರು, ಮಗಳಿಗೆ ಇದು ಯಾವಾಗಿಂದ ಇದೆಯಮ್ಮ, ಸರಿಯಾಗಿ ಸ್ನಾನ ಮಾಡಲ್ಲ ಸಾರ್ ಎಂದು ನಗುತ್ತಲೇ ಎದ್ದೆ, ಕೊಳೆ ಅಲ್ಲ ಅದು, ಸಕ್ಕರೆ ಕಾಯಿಲೆ ಬರೋ ಮುಂಚೆ ಕೆಲವರಿಗೆ ಹೀಗಾಗುತ್ತೆ, ಇವಳಿಗೂ ಟೆಸ್ಟ್ ಮಾಡಿಸಿ, ಹ್ಞೂ ಸಾರ್ ಎಂದೆ, ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ — ಸೆರಗಿನ ತುದಿ ಒದ್ದೆ ಮಾಡಿ ಉಜ್ಜುತ್ತೇನೆ, ಅಮ್ಮಾ ಉರಿಯುತ್ತೆ, ಬಿಡು. ಏನೂ ಆಗುವುದಿಲ್ಲ, ನಾಳೆಯಿಂದ ಇವಳನ್ನೂ ಏರಿಯ ಮೇಲೆ ನಡೆಸುತ್ತೇನೆ, ನಾನು ಗೆಲ್ಲಲಿಲ್ಲವೇ — ಆದರೆ ಚೇತನನಿಗೂ ಇತ್ತಲ್ಲ, ಶಾಲೆಗೆ ಹೋಗುವಾಗ, ಇದೇ ಜಾಗದಲ್ಲಿ, ಅಮ್ಮ ಬಚ್ಚಲಲ್ಲಿ ಕಲ್ಲು ಹಾಕಿ ಉಜ್ಜುತ್ತಿದ್ದಳು, ಅವನು ಕಿರುಚುತ್ತಿದ್ದ, ಮುಂದೆ ಯಾವಾಗಲಾದರೂ ಇವಳಿಗೂ ಕಿಡ್ನಿ ಬೇಕಾದರೆ, ನನ್ನ ಹತ್ತಿರ ಕೊಡುವುದಕ್ಕೆ ಇರುವುದು ಒಂದೇ, ಒಂದೇ ಒಂದು.

ಬೇಲೂರು, ಇಳೀರಿ ಇಳೀರಿ, ಕಿಟಕಿಯಾಚೆ ಚೇತನ, ಇಸ್ತ್ರಿ ಅಂಗಿ ಹಾಕಿದ್ದಾನೆ, ಸೂಜಿ ಚುಚ್ಚಿ ಊದಿದ ಕೈಯನ್ನೇ ಎತ್ತಿ ಬೀಸುತ್ತಿದ್ದಾನೆ, ಅಕ್ಕಾ, ಇಲ್ಲಿ ಇಲ್ಲಿ — ಏಳಬೇಕು, ನಗಬೇಕು, ರಿಪೋರ್ಟು ತೋರಿಸಬೇಕು — ಕೈ ಬಿಂದುವಿನ ಕತ್ತಿನ ಮೇಲೇ ಇದೆ, ಉಜ್ಜಿ ಉಜ್ಜಿ ಸುತ್ತಲೂ ಕೆಂಪಾಗಿದೆ, ಆ ಪಟ್ಟಿ ಮಾತ್ರ ಕಪ್ಪು, ಹಾಗೇ ಕಪ್ಪು