ಐದು ನಿಮಿಷಕ್ಕೊಮ್ಮೆ

"ಬಂತ್ರಿ ಆಯಿ, ಮತ್ತ ಬಂತು," ಎಂದು ಪ್ರಾಜಕ್ತಾ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು.

ಸುಮನ ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಬಂದು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಬಿಗಿ ಸಡಿಲಾಗಿ ಹೊಟ್ಟೆ ಮತ್ತೆ ಮೆತ್ತಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.

ಪಕ್ಕದ ಮನೆಯ ಗುರುಶಾಂತವ್ವ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾಲ್ಕು ಹೆತ್ತವಳು, ಸಾಂಗಲಿ ಹತ್ತಿರದ ಕಸಬೆ ಡಿಗ್ರಜ ಊರಿನ ಆ ಓಣಿಯಲ್ಲಿ ಬಸುರಿ ಬಾಣಂತಿಯರ ವಿಷಯಕ್ಕೆ ಅವಳದೇ ಕೊನೆಯ ಮಾತು.

"ಇನ್ನೂ ಹತ್ತು ದಿವಸ ಐತಿ ಅಂತ ಡಾಕ್ಟರ್ ಹೇಳ್ಯಾರಲ್ಲ? ಚೊಚ್ಚಲ ಕೂಸು ತಾರೀಖ ದಾಟೇ ಬರತೈತಿ. ಇದು ವಾಯು. ಅಜವಾನ ಕುದಿಸಿ ಕೊಟ್ಟು ಮಲಗಸು," ಎಂದಳು. ದನಿಯನ್ನೇನೂ ತಗ್ಗಿಸದೆ, "ಬ್ಯಾನಿ ಹೆಂಗಿರತೈತಿ ಅಂತ ನಿನಗೇನ ಗೊತ್ತವಾ, ಸುಮನ," ಎಂದೂ ಸೇರಿಸಿದಳು.

ಅದು ಸುಳ್ಳಲ್ಲ. ಒಬ್ಬನೇ ಮಗ ಸ್ವಪ್ನಿಲ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದರಿಂದ ನೋವು ಶುರುವಾಗುವ ಮೊದಲೇ ಆಪರೇಷನ್ ಮಾಡಿ ತೆಗೆದಿದ್ದರು. ಇಪ್ಪತ್ತಾರು ವರ್ಷದಿಂದ ಓಣಿಯ ಹೆಂಗಸರಲ್ಲಿ ಹೆರಿಗೆಯ ಮಾತು ಬಂದಾಗಲೆಲ್ಲ ಸುಮನ ಚಹಾ ತರುವ ನೆಪದಲ್ಲಿ ಒಳಗೆದ್ದು ಹೋಗುತ್ತಿದ್ದಳು. ಪ್ರಾಜಕ್ತಾಳಿಗೆ ತಾಯಿಯಿಲ್ಲ, ಹೆರಿಗೆ ಇಲ್ಲಿಯೇ ಎಂದು ಗೊತ್ತಾದ ದಿನ ಅವಳ ಎದೆ ಧಸಕ್ಕೆಂದಿತ್ತು. ಆದರೆ ತಿಂಗಳು ತಪ್ಪದೆ ಸೊಸೆಯ ಜೊತೆ ಮಿರಜಿನ ಆಸ್ಪತ್ರೆಗೆ ಹೋಗಿ, ನರ್ಸ್ ಹೇಳಿದ್ದನ್ನೆಲ್ಲ ಮೂರು ಮೂರು ಸಲ ಕೇಳಿ ತಿಳಿದುಕೊಂಡಿದ್ದಳು.

ಹೋದ ವಾರ ಒಮ್ಮೆ ಹೀಗೇ ಗಾಡಿ ತೆಗೆದುಕೊಂಡು ಓಡಿ, ಏನೂ ಇಲ್ಲವೆಂದು ವಾಪಸು ಬಂದದ್ದೂ ಆಗಿತ್ತು. ಅವತ್ತಿನ ನೋವು ನಾಲ್ಕು ಹೆಜ್ಜೆ ನಡೆದರೆ ನಿಂತುಹೋಗುತ್ತಿತ್ತು. ಇವತ್ತಿನದು ಬೇರೆ. ಎರಡು ದಿನದಿಂದ ಹೊಟ್ಟೆ ಕೆಳಗಿಳಿದಿತ್ತು. ಏದುಸಿರು ಕಡಿಮೆಯಾಗಿ ಹುಡುಗಿ ಹೊಟ್ಟೆ ತುಂಬ ಉಂಡಿದ್ದಳು, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ರಕ್ತದ ಎಳೆ ಬೆರೆತ ಲೋಳೆಯೂ ಕಂಡಿತ್ತು.

"ಏಳವಾ, ಅಂಗಳದಾಗ ಅಡ್ಡಾಡೂಣು," ಎಂದಳು ಸುಮನ.

ಅಡ್ಡಾಡಿದರೂ ನೋವು ನಿಲ್ಲಲಿಲ್ಲ. ಸೊಂಟದಲ್ಲಿ ಹುಟ್ಟಿ, ಮುಂದಕ್ಕೆ ಸುತ್ತಿಕೊಂಡು ಬಂದು ಹಿಂಡುತ್ತಿತ್ತು. ಹನ್ನೆರಡು ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಒಂಬತ್ತಾಯಿತು, ಏಳಾಯಿತು. ಮೊದಮೊದಲು ನೋವಿನಲ್ಲೂ ಹರಟುತ್ತಿದ್ದ ಪ್ರಾಜಕ್ತಾ ಆಮೇಲೆ ಮಾತು ಅರ್ಧಕ್ಕೆ ನಿಲ್ಲಿಸಿ ಗೋಡೆಗೆ ಹಣೆಯಾನಿಸತೊಡಗಿದಳು. ಮಧ್ಯಾಹ್ನ ಎರಡಕ್ಕೆ ಐದು ನಿಮಿಷಕ್ಕೊಮ್ಮೆ. ಒಂದು ತಾಸು ಅದೇ ಲೆಕ್ಕ ತಪ್ಪದೆ ನಡೆಯಿತು.

ಹೊಲದಿಂದ ಬಂದ ಸುಮನಳ ಗಂಡ ಜಿನಪ್ಪ ಕಾಲು ತೊಳೆಯುತ್ತ, "ಹ್ವಾದ ವಾರದಂಗ ಆಗಬಾರದಲ್ಲ. ಸಂಜೀತನಕ ನೋಡೂಣೇನು?" ಎಂದ.

"ನಾನೂ ಅದನ್ನ ಹೇಳಾಕತ್ತೇನಿ," ಎಂದಳು ಗುರುಶಾಂತವ್ವ. "ನಾಲ್ಕು ಹಡದಾಕಿ ನಾ."

"ನಿಮ್ಮ ನಾಲ್ಕು ನಿಮಗ ಗೊತ್ರಿ, ಅಕ್ಕಾ. ಈಕೀದು ಮುಂಜಾನಿಂದ ನಾ ಕೈಯಿಟ್ಟ ನೋಡೇನಿ," ಎಂದು ಸುಮನ ಗಂಡನ ಕಡೆ ತಿರುಗಿದಳು. "ಗಾಡಿ ತಗೀರಿ. ಸ್ವಪ್ನಿಲಗ ಫೋನ್ ಮಾಡ್ರಿ, ಕುಪವಾಡದಾಗ ಕೆಲಸ ಬಿಟ್ಟು ಸೀದಾ ಆಸ್ಪತ್ರಿಗೆ ಬರಲಿ."

ಹೆಂಡತಿಯ ಬಾಯಲ್ಲಿ ಅಂಥ ದನಿಯನ್ನು ಜಿನಪ್ಪ ಕೇಳಿರಲಿಲ್ಲ. ಒದ್ದೆ ಕಾಲಲ್ಲೇ ಕೀಲಿ ತರಲು ಹೋದ.

ಸಾಂಗಲಿ ದಾಟುವ ಮೊದಲೇ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಸಿಕ್ಕಿತು. ಗಾಡಿ ಆಮೆಯಂತೆ ತೆವಳತೊಡಗಿದಾಗ ಪ್ರಾಜಕ್ತಾ ಅತ್ತೆಯ ತೋಳು ಬಿಗಿಯಾಗಿ ಹಿಡಿದಳು. "ಆಯಿ, ನೀರಿನ ಚೀಲ ಒಡೀತು!"

ಸುಮನ ಬಟ್ಟೆ ಎತ್ತಿ ನೋಡಿದಳು. "ನೀರು ತಿಳಿ ಐತಿ. ಹಸರಿದ್ದರ ಅಂಜಬೇಕಂತ ನರ್ಸ್ ಹೇಳಿದ್ದಳು, ಹಸರಿಲ್ಲ, ಏನಿಲ್ಲ. ಹೆದರಬ್ಯಾಡ, ಉಸಿರು ಬಿಡು."

"ನಿಮಗೂ ಹಿಂಗ ಆಗಿತ್ತೇನ್ರಿ?"

ಸುಮನ ಕಿಟಕಿಯಾಚೆ ಒಮ್ಮೆ ನೋಡಿದಳು. "ಇಲ್ಲವಾ. ನನಗ ಬ್ಯಾನೀನ ಬರಲಿಲ್ಲ, ಆಪರೇಷನ್ ಆತು. ನಾನೂ ಇವತ್ತ ನೋಡಾಕತ್ತೇನಿ."

ಪ್ರಾಜಕ್ತಾ ಬೆವರಿದ ಮುಖದಲ್ಲೇ ನಕ್ಕುಬಿಟ್ಟಳು. "ಅಂದ್ರ ಇಬ್ಬರದೂ ಮೊದಲನೇದು."

ಆಸ್ಪತ್ರೆಯಲ್ಲಿ ನರ್ಸ್ ಪರೀಕ್ಷಿಸಿ, ಗರ್ಭದ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆದಿದೆ, ಸರಿಯಾದ ಹೊತ್ತಿಗೆ ತಂದಿದ್ದೀರಿ, ಯಾರು ಗುರುತಿಸಿದರು ಎಂದು ಮರಾಠಿಯಲ್ಲಿ ಕೇಳಿದಳು. ಪ್ರಾಜಕ್ತಾ ನೋವಿನಲ್ಲೇ ಅತ್ತೆಯತ್ತ ಬೆರಳು ಮಾಡಿದಳು. ಜೊತೆಗೆ ಒಬ್ಬರು ಇರಬಹುದು ಎಂದಾಗಲೂ ಆ ಬೆರಳು ಅತ್ತಲೇ ಇತ್ತು. ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದ ಸ್ವಪ್ನಿಲ ಅಪ್ಪನ ಜೊತೆ ಹೊರಗೆ ಉಳಿದ.

ಹೊತ್ತು ಮುಳುಗಿ ದೀಪ ಹತ್ತಿದವು. ಪ್ರಾಜಕ್ತಾಳ ತಲೆಯ ಬಳಿ ನಿಂತು ಬೆನ್ನು ನೀವುತ್ತಿದ್ದ ಸುಮನಳನ್ನು ನರ್ಸ್ ಸನ್ನೆ ಮಾಡಿ ಕಾಲಿನ ಕಡೆಗೆ ಕರೆದಳು. ಸುಮನ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಬಗ್ಗಿದಳು.

ಬೆಳಕಿನಲ್ಲಿ, ಒಂದು ರೂಪಾಯಿಯಷ್ಟಗಲ, ಕರ್ರಗೆ ಒದ್ದೆಯಾದ ಕೂದಲು ಕಾಣಿಸಿತು.