ಯೋಗ್ಯಕರ್ತಾದ ಹೌದು

ಯೋಗ್ಯಕರ್ತಾದಲ್ಲಿ ಹಿರಿಯರ ಮುಖಕ್ಕೆ ‘ಇಲ್ಲ’ ಎನ್ನುವ ಪದ್ಧತಿಯೇ ಇಲ್ಲ. ‘ಇಂಗ್ಗಿಹ್’ ಎನ್ನಬೇಕು, ಅಂದರೆ ಹೌದು. ತಲೆ ತಗ್ಗಿಸಿ, ಮೆಲ್ಲಗೆ ಎಳೆದು ಹೇಳಿದರೆ ಮಾತ್ರ ಅದೇ ಹೌದಿಗೆ ‘ನಿಮ್ಮ ಮಾತು ನಿಮಗಿರಲಿ, ನಾನು ಕೇಳುವುದಿಲ್ಲ’ ಎಂಬ ಅರ್ಥ. ಊರಿನವರಿಗೆಲ್ಲ ಇದು ಗೊತ್ತು.

ಆ ಬೆಳಗ್ಗೆ ವೆನಿಂಗ್‌ಗೆ ಪಿಎಚ್.ಡಿ. ಸಂದರ್ಶನ. ಭತ್ತದ ವಂಶವಾಹಿಗಳನ್ನು ಕಂಪ್ಯೂಟರಿನಲ್ಲಿ ಓದುವ ಪ್ರಯೋಗಾಲಯದಲ್ಲಿ ಅವಳು ಸಹಾಯಕಿ. ಇರುವುದು ಒಂದೇ ಸೀಟು. ಇದು ಕೈತಪ್ಪಿದರೆ ವಿದ್ಯಾರ್ಥಿವೇತನದ ವಯಸ್ಸೂ ಮೀರುತ್ತದೆ. ಸೀಟು ಕೊಡುವವರು ಪ್ರಯೋಗಾಲಯದ ಮುಖ್ಯಸ್ಥೆ ಸುಲಸ್ತ್ರಿ ಮೇಡಂ, ಆ ಊರಿನ ಮಾತಿನಲ್ಲಿ ಬು ಸುಲಸ್ತ್ರಿ. ಆ ಹಾವಿನ ಬಾಲವನ್ನೇ ವೆನಿಂಗ್ ತುಳಿದಿದ್ದಳು.

ಉಪ್ಪುನೀರು ತಾಳುವ ಭತ್ತದ ಗುಟ್ಟು ವಂಶವಾಹಿಯ ಇಂಥ ಅಕ್ಷರದಲ್ಲೇ ಇದೆ ಎಂದು ಬರೆದು ಹೆಸರು ಮಾಡಿದವರು ಬು ಸುಲಸ್ತ್ರಿ. ವಂಶವಾಹಿಯ ಅಕ್ಷರಗಳನ್ನು ಕೆಲವು ಕಡತಗಳು ಸೊನ್ನೆಯಿಂದ ಎಣಿಸುತ್ತವೆ, ಕೆಲವು ಒಂದರಿಂದ. ಎರಡನ್ನೂ ಬೆರೆಸಿಬಿಟ್ಟಿದ್ದರಿಂದ ಅವರ ಗುರುತು ಪಕ್ಕದ ಅಕ್ಷರದ ಮೇಲೆ ಬಿದ್ದಿತ್ತು. ವೆನಿಂಗ್ ಇದನ್ನು ಎಲ್ಲರೆದುರು ಹೇಳಿದಳು. ಬು ನಗುತ್ತ ‘ನೋಡೋಣ’ ಎಂದರು. ಮರುದಿನ ಅವಳನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ನಗುತ್ತಲೇ ಕತ್ತು ಕೊಯ್ಯುವ ಹೆಂಗಸು.

ಸಂದರ್ಶನಕ್ಕೆ ಮೇದಾನ್‌ನಿಂದ ಪಾಕ್ ಸಿನುರಾತ್, ಅಂದರೆ ಸಿನುರಾತ್ ಸರ್, ಹೊರಗಿನ ಪರೀಕ್ಷಕರಾಗಿ ಬಂದಿದ್ದರು. ದೂರದ ಬತಕ್ ಜನಾಂಗದವರು, ಅವರ ಬಾಯಿಯೂ ನೇರ, ಕಿವಿಯೂ ನೇರ.

“ಕೂತ್ಕೊ ಮಗು,” ಎಂದರು ಬು. “ಕೆಲವರಿಗೆ ಓದು ಇರುತ್ತೆ, ನಡತೆ ಇರಲ್ಲ. ನಿಂಗೆ ಎರಡೂ ಇದೆ ಅಂದ್ಕೊಂಡಿದ್ದೆ.”

“ಪುರಾಣ ಸಾಕು, ಪ್ರಶ್ನೆ ಕೇಳಿ,” ಎಂದರು ಸಿನುರಾತ್.

“ಒಂದೇ ಪ್ರಶ್ನೆ. ನನ್ನ ಪ್ರಬಂಧದಲ್ಲಿ ಗುರುತು ಮಾಡಿರೋ ಜಾಗದಿಂದ್ಲೇ ಕೆಲಸ ಶುರುಮಾಡ್ತೀಯಲ್ವಾ?”

ಇಲ್ಲವೆಂದರೆ ಅಹಂಕಾರಿ, ಸೀಟಿಲ್ಲ. ಹೌದೆಂದರೆ ಸುಳ್ಳಿನ ಮೇಲೆ ವರ್ಷಗಟ್ಟಲೆ ಮಣ್ಣು ಹೊರಬೇಕು. ವೆನಿಂಗ್ ತಲೆ ತಗ್ಗಿಸಿದಳು.

“ಇಂಗ್ಗಿ...ಹ್, ಬು.”

ಬು ಸುಲಸ್ತ್ರಿಯ ನಗು ಅಲ್ಲೇ ನಿಂತಿತು. ಅವರೂ ಆ ಊರಿನ ಮಗಳೇ. ಅತ್ತೆಗೆ ಎಷ್ಟು ಸಲ ಹೀಗೇ ಅಂದಿದ್ದರೋ.

“ಹೂಂ ಅಂದ್ಲಲ್ಲ,” ಎಂದು ಸಿನುರಾತ್ ಪೆನ್ನು ತೆಗೆದರು. “ಅಂಕ ಚೆನ್ನಾಗಿದೆ, ಹೇಳಿದ ಮಾತೂ ಕೇಳ್ತಾಳೆ. ತಗೊಳ್ಳಿ ಇವಳನ್ನ.”

“ಪಾಕ್, ಅವಳು ಹೌದು ಅಂದಿದ್ದು...”

“ಹೌದು ಅಂದ್ರೆ ಹೌದು ತಾನೆ? ನಿಮ್ಮೂರಲ್ಲಿ ಬೇರೇನಾದ್ರೂ ಇದೆಯಾ?”

ಇದೆ ಎಂದರೆ ಬಿಡಿಸಿ ಹೇಳಬೇಕು. ಬಿಡಿಸಿದರೆ ಆ ತಪ್ಪಿದ ಅಕ್ಷರವೂ ಹೊರಗೆ ಬೀಳುತ್ತದೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬು ಸಹಿ ಹಾಕಿದರು.

ಪಡಸಾಲೆಯಲ್ಲಿ ಅವರು ವೆನಿಂಗ್‌ಳ ಕಿವಿಯ ಹತ್ತಿರ ಬಂದರು. “ಇನ್ಮೇಲೆ ನನ್ನ ಕೈಕೆಳಗೇ ಇರ್ತೀಯ, ನೆನಪಿಟ್ಕೊ. ಆ ಜಾಗದ ಸುದ್ದಿಗೆ ಬಂದ್ಯೋ, ಒಂದು ಸಾಲು ಅಚ್ಚಾಗೋಕೂ ಬಿಡಲ್ಲ. ಗೊತ್ತಾಯ್ತಾ?”

ವೆನಿಂಗ್ ಮೊದಲಿಗಿಂತ ಹೆಚ್ಚು ಬಾಗಿದಳು, ಮೊದಲಿಗಿಂತ ಹೆಚ್ಚು ಎಳೆದಳು.

“ಇಂಗ್ಗಿ......ಹ್, ಬು.”